ಕವಚದ ಭಾರ ಸೊಂಟಕ್ಕೆ ಸೇರಿದ್ದು

ಹಳೆಯ ಕಾಲದ ಕದನಗಳನ್ನು ಮೈದಾನದಲ್ಲಿ ಆಡಿತೋರಿಸಲು 14ನೇ ಶತಮಾನದ ಯುರೋಪಿನ ಯೋಧನ ಕವಚ ಮಾಡಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಶಿರಸ್ತ್ರಾಣಕ್ಕೆ ಕೈಹಾಕುತ್ತಾರೆ, ಆಮೇಲೆ ಎದೆಯ ತಗಡಿಗೆ. ಒಳಗೆ ತೊಡುವ ಹೊಲಿದ ಅಂಗಿಯ ಸರದಿ ಬರುವಷ್ಟರಲ್ಲಿ ದುಡ್ಡೂ ತಾಳ್ಮೆಯೂ ಮುಗಿದಿರುತ್ತವೆ. ಇದು ತಲೆಕೆಳಗಾದ ಕ್ರಮ. ಉಕ್ಕು ಮೈಮೇಲೆ ತಾನಾಗಿ ನಿಲ್ಲುವುದಿಲ್ಲ. ಅದನ್ನು ಹೊರುವುದು ಒಳಗಿನ ಅಂಗಿ. ಆ ಅಂಗಿಗೆ ಆಧಾರ ಸೊಂಟ. ಅಂಗಿ ಸರಿಯಾಗಿ ಕೂತಿದ್ದರೆ 25 ಕೆ.ಜಿ. ಉಕ್ಕು ತೊಟ್ಟೂ ಓಡಾಡಬಹುದು, ಬಿದ್ದು ಏಳಬಹುದು. ಅಂಗಿ ಸಡಿಲವಾಗಿದ್ದರೆ ಅದರ ಅರ್ಧದಷ್ಟು ಭಾರಕ್ಕೇ ಹೆಗಲು ಸೋಲುತ್ತದೆ.

ಅಂಗಿಗಿಂತಲೂ ಮೊದಲು ಒಂದು ಇಸವಿ ಗೊತ್ತುಮಾಡಿಕೊಳ್ಳಿ. ಮಧ್ಯಯುಗ ಎಂದರೆ ಹೆಚ್ಚುಕಡಿಮೆ ಸಾವಿರ ವರ್ಷ. 1250ರಲ್ಲಿ ಮೈತುಂಬ ಉಂಗುರಗಳನ್ನು ಹೆಣೆದು ಮಾಡಿದ ಚೈನ್‌ಮೇಲ್. 1360ರಲ್ಲಿ ಚೈನ್‌ಮೇಲ್ ಮೇಲೆ ಚರ್ಮ ಅಥವಾ ಬಟ್ಟೆಗೆ ರಿವೆಟ್ ಮಾಡಿದ ತಗಡುಗಳು, ಕೈಕಾಲಿಗೆ ಉಕ್ಕಿನ ಚಿಪ್ಪುಗಳು. 1450ರ ಹೊತ್ತಿಗೆ ಇಟಲಿಯ ಮಿಲಾನಿನ ಕುಶಲಕರ್ಮಿಗಳ ಕೈಯಲ್ಲಿ ಪೂರ್ತಿ ತಗಡಿನ ಕವಚ. ಒಂದು ಕಾಲದ ಕಾಲ್ಗವಚಕ್ಕೆ ನೂರು ವರ್ಷ ಆಚೆಯ ಎದೆಗವಚ ಕೂಡಿಸಿದರೆ ಎರಡೂ ಒಂದಕ್ಕೊಂದು ಹೊಂದುವುದೇ ಇಲ್ಲ. ಕಟ್ಟುವ ಜಾಗ ಬೇರೆ, ಅಂಚು ನಿಲ್ಲುವ ಎತ್ತರ ಬೇರೆ, ಒಳಗಿನ ಅಂಗಿಯ ದಪ್ಪವೂ ಬೇರೆ.

ಮೊದಲ ಕವಚಕ್ಕೆ 1360ರಿಂದ 1380ರ ನಡುವಿನ ಕಾಲವನ್ನೇ ನಾನು ಸೂಚಿಸುವುದು. ಅಷ್ಟು ದೊಡ್ಡ ಕುಲುಮೆ ಬೇಡ, ಆಧಾರಗಳೂ ಗಟ್ಟಿಯಾಗಿವೆ. 1361ರ ಜುಲೈಯಲ್ಲಿ ಇಂದಿನ ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದ ವಿಸ್ಬಿ ಪಟ್ಟಣದ ಗೋಡೆಯ ಹೊರಗೆ ಡೆನ್ಮಾರ್ಕಿನ ರಾಜ ನಾಲ್ಕನೇ ವಾಲ್ಡೆಮಾರನ ಸೈನ್ಯಕ್ಕೂ ಅಲ್ಲಿನ ರೈತರಿಗೂ ಯುದ್ಧವಾಯಿತು. ಸತ್ತವರನ್ನು ಹಲವೆಡೆ ಕವಚದ ಸಮೇತ ಹೂಳಿದರು. 1905ರಿಂದ ನಡೆದ ಉತ್ಖನನಗಳಲ್ಲಿ ಸುಮಾರು 25 ತಗಡುಗವಚಗಳು ಸಿಕ್ಕವು. ಸ್ವೀಡನ್ನಿನ ಪುರಾತತ್ವಜ್ಞ ಬೆಂಗ್ಟ್ ಥೋರ್ಡೆಮನ್ ಅವುಗಳ ಒಂದೊಂದು ತಗಡಿನ ಆಕಾರ, ಒಂದೊಂದು ರಿವೆಟ್ಟಿನ ಜಾಗವನ್ನೂ ದಾಖಲಿಸಿದ್ದಾರೆ. ಒಳ ಅಂಗಿಗೆ ಫ್ರಾನ್ಸಿನ ಲಿಯಾನಿನ ಜವಳಿ ವಸ್ತುಸಂಗ್ರಹಾಲಯದಲ್ಲಿರುವ, 1364ರಲ್ಲಿ ಓರೇ ಕದನದಲ್ಲಿ ಮಡಿದ ಫ್ರೆಂಚ್ ಸರದಾರ ಶಾರ್ಲ್ ದ ಬ್ಲ್ವಾನದು ಎನ್ನಲಾಗುವ ಅಂಗಿ ಇದೆ. ಹೊರನೋಟಕ್ಕೆ 1376ರಲ್ಲಿ ತೀರಿಕೊಂಡ ಇಂಗ್ಲೆಂಡಿನ ಯುವರಾಜ ಬ್ಲ್ಯಾಕ್ ಪ್ರಿನ್ಸ್‌ನ ಲೋಹದ ಪ್ರತಿಮೆ ಕ್ಯಾಂಟರ್ಬರಿ ಕೆಥೆಡ್ರಲ್‌ನಲ್ಲಿದೆ. ಸಮಾಧಿ ಪ್ರತಿಮೆಗಳು ಮಲಗಿರುವುದರಿಂದ ಬೆನ್ನಿನ ಕಡೆಯ ಪಟ್ಟಿ, ಬಕಲ್ ಕಾಣಿಸುವುದಿಲ್ಲ ಎಂಬುದೊಂದೇ ತೊಡಕು. ವಾರಿಕ್‌ನಲ್ಲಿರುವ ಇಂಗ್ಲಿಷ್ ಸರದಾರ ರಿಚರ್ಡ್ ಬೋಶಾಂಪನ ಪ್ರತಿಮೆಯಲ್ಲಿ ಬೆನ್ನನ್ನೂ ಬಕಲ್ ಸಮೇತ ಕೆತ್ತಿದ್ದಾರೆ, ಆದರೆ ಅದು 15ನೇ ಶತಮಾನದ್ದು.

ಒಳ ಅಂಗಿ

ಗ್ಯಾಂಬಿಸನ್ ಎಂಬ, ಪದರ ಸೇರಿಸಿ ಹೊಲಿದ ದಪ್ಪನೆಯ ಅಂಗಿ ಒಂದು ಬಗೆ, ತಗಡಿನ ಕೆಳಗೆ ತೊಡುವ ತೆಳು ಅಂಗಿ ಇನ್ನೊಂದು ಬಗೆ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲಾಗದು. ಬಟ್ಟೆಯೇ ಕವಚವಾಗಿದ್ದ ಕಾಲಾಳಿನ ಅಂಗಿ ನಿಜಕ್ಕೂ ದಪ್ಪ: ಫ್ರಾನ್ಸಿನ 11ನೇ ಲೂಯಿಯ 15ನೇ ಶತಮಾನದ ಆಜ್ಞೆಯೊಂದು 30 ಪದರ, ಕಡಿಮೆಯೆಂದರೆ 25 ಪದರ ಬಟ್ಟೆ, ಮೇಲೊಂದು ಜಿಂಕೆ ಚರ್ಮ ಎಂದು ಹೇಳುತ್ತದೆ. ಬಳಸಿ ಮೆತ್ತಗಾದ ಬಟ್ಟೆಯೇ ಒಳ್ಳೆಯದು ಎಂದೂ ಅದರಲ್ಲಿದೆ. ಅಂಥ ಅಂಗಿಯ ಮೇಲೆ ತಗಡು ಹೇರಿದರೆ ಕೈ ಮಡಚಲೂ ಆಗದು. ತಗಡಿನ ಕೆಳಗಿನದು ಒತ್ತಿದಾಗ 5ರಿಂದ 8 ಮಿ.ಮೀ. ಇದ್ದರೆ ಸಾಕು.

ಇಲ್ಲಿ ಒಂದು ಲೆಕ್ಕ ಮನಸ್ಸಿನಲ್ಲಿರಲಿ. ಕವಚದ ಉದ್ದಕ್ಕೂ ಬೇಕಾಗುತ್ತದೆ. ದಪ್ಪ 1 ಸೆಂ.ಮೀ. ಏರಿದರೆ ಸುತ್ತಳತೆ ಸುಮಾರು 6.3 ಸೆಂ.ಮೀ. ಏರುತ್ತದೆ. 2 ಸೆಂ.ಮೀ. ದಪ್ಪದ ಅಂಗಿ ತೊಟ್ಟರೆ 100 ಸೆಂ.ಮೀ. ಎದೆ 112 ದಾಟುತ್ತದೆ. ಬರಿಮೈಯ ಅಳತೆಗೆ ತಗಡು ಕತ್ತರಿಸಿದವರ ಕವಚ ಮುಚ್ಚಿಕೊಳ್ಳದಿರುವುದು ಇದರಿಂದಲೇ. ಹಾಗಾಗಿ ಅಂಗಿ ಹೊಲಿದು ಮುಗಿಯುವ ತನಕ ಒಂದು ತಗಡನ್ನೂ ಕತ್ತರಿಸಬೇಡಿ. ಎಲ್ಲ ಅಳತೆಯನ್ನೂ ಅಂಗಿ ತೊಟ್ಟೇ ತೆಗೆಯಬೇಕು.

ಬಟ್ಟೆ ಲಿನನ್ ಆಗಲಿ, ಚದರ ಮೀಟರಿಗೆ 200ರಿಂದ 250 ಗ್ರಾಂ ತೂಕದ್ದು. ಒಳಗೂ ಹೊರಗೂ ಸೇರಿ 150 ಸೆಂ.ಮೀ. ಅಗಲದ ಬಟ್ಟೆ 4ರಿಂದ 5 ಮೀಟರ್ ಬೇಕು. ನಡುವೆ ಹತ್ತಿಯ ಅಥವಾ ಉಣ್ಣೆಯ ತೆಳು ಹಾಸು. ಪಾಲಿಯೆಸ್ಟರ್ ಹಾಸು ಖಂಡಿತ ಬೇಡ. ಅದು ಬೆವರನ್ನು ಹೀರದು, ಕಾವನ್ನು ಹೊರಗೆ ಬಿಡದು, ಶಿಬಿರದ ಬೆಂಕಿಯ ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ಲಿನನ್ನನ್ನು ಬಿಸಿನೀರಿನಲ್ಲಿ ಒಮ್ಮೆ ಒಗೆದು ಒಣಗಿಸಿಯೇ ಕತ್ತರಿಸಿ. ಇಲ್ಲವಾದರೆ ಮೊದಲ ಒಗೆತದಲ್ಲೇ ಕುಗ್ಗಿ ಗುಂಡಿ ಸೇರದು.

ಮೊದಲು ಅಗ್ಗದ ಬಟ್ಟೆಯಲ್ಲಿ ಒಂದು ಕಚ್ಚಾ ಅಂಗಿ ಹೊಲಿಯಿರಿ. ಸೊಂಟದ ಅತಿ ಕಿರಿದಾದ ಭಾಗ, ಅಂದರೆ ಟೊಂಕದ ಎಲುಬಿನ ಮೇಲೆ ಪಕ್ಕೆಲುಬಿನ ಕೆಳಗೆ ಇರುವ ಮೆತ್ತನೆಯ ಜಾಗಕ್ಕೆ ಒಂದು ದಾರ ಕಟ್ಟಿಕೊಂಡು ಅದನ್ನೇ ಗುರುತಾಗಿ ಇಟ್ಟುಕೊಳ್ಳಿ. ಇಂದಿನ ಪ್ಯಾಂಟಿನ ಬೆಲ್ಟ್ ಕೂರುವ ಜಾಗ ಇದಲ್ಲ, ಅದಕ್ಕಿಂತ ಮೇಲಿನದು. ಅಂಗಿ ಇಲ್ಲಿ ಬಿಗಿಯಾಗಿ ಹಿಡಿಯಬೇಕು, ಎದೆಯಲ್ಲಿ ಉಸಿರಿಗೆ ಜಾಗ ಬಿಡಬೇಕು. ಪರೀಕ್ಷೆ ಸುಲಭ: ಅಂಗಿ ಬಿಗಿದುಕೊಂಡು ನಿಲ್ಲಿ, ಇನ್ನೊಬ್ಬರು ಕೆಳಗಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೆಳಕ್ಕೆ ಜಗ್ಗಲಿ. ಎಳೆತ ಸೊಂಟದಲ್ಲಿ ಗೊತ್ತಾದರೆ ಅಂಗಿ ಸರಿ. ಹೆಗಲಲ್ಲಿ ಗೊತ್ತಾದರೆ ಬಿಚ್ಚಿ ಮತ್ತೆ ಹೊಲಿಯಿರಿ. ಮುಂದೆ ಕಾಲಿನ ಅಷ್ಟೂ ಭಾರ ನೇತಾಡುವುದು ಈ ಅಂಚಿಗೆ.

ತೋಳಿನ ಕಂಡಿಯೂ ಅಷ್ಟೇ ಮುಖ್ಯ. ಕಂಕುಳ ಬಳಿ ಧಾರಾಳವಾಗಿ ಬಿಟ್ಟರೆ ಆರಾಮ ಎಂದು ತೋರುತ್ತದೆ, ಆದರೆ ಕೈ ಎತ್ತಿದಾಗ ಇಡೀ ಅಂಗಿ ಅದರ ಜೊತೆಗೆ ಮೇಲೇಳುತ್ತದೆ, ಸೊಂಟದ ಹಿಡಿತ ಜಾರುತ್ತದೆ. ಕಂಕುಳಿಗೆ ತಾಗುವಷ್ಟು ಮೇಲಕ್ಕೆ ಕಂಡಿ ಇರಬೇಕು, ತೋಳಿಗೆ ಬೇಕಾದ ಬಟ್ಟೆ ಎದೆ ಮತ್ತು ಬೆನ್ನಿನ ಕಡೆಯಿಂದ ಬರಬೇಕು. ಲಿಯಾನಿನ ಅಂಗಿಯಲ್ಲಿ ತೋಳು ದೊಡ್ಡ ವೃತ್ತವಾಗಿ ಎದೆ ಬೆನ್ನುಗಳ ಒಳಗೆ ನುಗ್ಗಿದೆ. ಹೊಲಿಯಲು ಕಷ್ಟ, ತ್ರಿಕೋನದ ತುಂಡುಗಳು ಹೆಚ್ಚು. ಆದರೂ ಇದನ್ನೇ ಕಲಿಯಿರಿ, ಏಕೆಂದರೆ ಕತ್ತಿ ತಲೆಯ ಮೇಲೆ ಎತ್ತಿದಾಗಲೂ ಸೊಂಟದ ಹೊಲಿಗೆ ಕದಲುವುದಿಲ್ಲ.

ಪದರಗಳನ್ನು ಸೇರಿಸಿ 3ರಿಂದ 5 ಸೆಂ.ಮೀ. ಅಂತರದಲ್ಲಿ ಸಾಲುಹೊಲಿಗೆ ಹಾಕುವಾಗ ಬಟ್ಟೆಯ ಅಗಲ ಕುಗ್ಗುತ್ತದೆ. ಎಷ್ಟು ಎಂಬುದು ಹಾಸಿನ ದಪ್ಪಕ್ಕೆ ಬಿಟ್ಟದ್ದು. 30 ಸೆಂ.ಮೀ. ಚೌಕದ ಮಾದರಿ ಹೊಲಿದು ಅಳೆಯಿರಿ. ಅದು 28 ಆದರೆ ನಕ್ಷೆಯನ್ನು ಆ ದಿಕ್ಕಿಗೆ 7 ಶೇಕಡಾ ಹಿಗ್ಗಿಸಬೇಕು. ಇನ್ನೂ ಒಳ್ಳೆಯ ದಾರಿ ಎಂದರೆ ತುಂಡುಗಳನ್ನು ದೊಡ್ಡದಾಗಿಯೇ ಕತ್ತರಿಸಿ, ಸಾಲುಹೊಲಿಗೆ ಮುಗಿದ ಮೇಲೆ ನಕ್ಷೆ ಇಟ್ಟು ಅಂಚು ಕತ್ತರಿಸುವುದು.

ತಗಡುಗಳನ್ನು ಅಂಗಿಗೆ ಬಿಗಿಯುವ ಕಸೆಗಳನ್ನು ಕಟ್ಟುವ ಕಂಡಿಗಳನ್ನು ಕತ್ತರಿಯಿಂದ ಕೊಯ್ಯಬಾರದು. ಮೊನಚು ದಬ್ಬಳದಿಂದ ಎಳೆಗಳನ್ನು ಸರಿಸಿ 4-5 ಮಿ.ಮೀ. ತೂತು ಮಾಡಿ, ಮೇಣ ಹಚ್ಚಿದ ಲಿನನ್ ದಾರದಿಂದ ಸುತ್ತ ಒತ್ತಾಗಿ ಹೊಲಿಯಿರಿ. ಎಳೆ ತುಂಡಾಗದ್ದರಿಂದ ಕಂಡಿ ಹರಿಯುವುದಿಲ್ಲ. ಅಂಗಡಿಯ ಲೋಹದ ಐಲೆಟ್ ಆ ಕಾಲದ್ದಲ್ಲ, ಮೇಲಾಗಿ ಭಾರ ಬಿದ್ದಾಗ ಬಟ್ಟೆಯಿಂದ ಕಿತ್ತುಬರುತ್ತದೆ. ಸೊಂಟದ ಸಾಲಿನ ಒಳಗೆ ಮೂರು ಪದರದ ಲಿನನ್ ಪಟ್ಟಿಯೊಂದನ್ನು ಸೇರಿಸಿ. ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿರುವ 15ನೇ ಶತಮಾನದ ಇಂಗ್ಲಿಷ್ ಹಸ್ತಪ್ರತಿಯೊಂದು ಯೋಧನಿಗೆ ಕವಚ ತೊಡಿಸುವ ಬಗೆಯನ್ನು ಹಂತಹಂತವಾಗಿ ಹೇಳುತ್ತದೆ: ಕಸೆಗಳು ಅಡ್ಡಬಿಲ್ಲಿನ ಹೆದೆಗೆ ಬಳಸುವಂಥ ಸಣ್ಣ ಹುರಿಯವಾಗಿರಬೇಕು, ಚಮ್ಮಾರರ ಮೇಣ ಹಚ್ಚಿರಬೇಕು, ಆಗ ಅವು ಹಿಗ್ಗುವುದೂ ಇಲ್ಲ, ತುಂಡಾಗುವುದೂ ಇಲ್ಲ. ಈ ಮಾತು ಇಂದಿಗೂ ಅಕ್ಷರಶಃ ನಿಜ. ಮೇಣವಿಲ್ಲದ ಹತ್ತಿಯ ಲಾಡಿ ಬೆವರಿಗೆ ಹಿಗ್ಗಿ, ಒಂದು ಗಂಟೆಯಲ್ಲಿ ಮಂಡಿಯ ಉಕ್ಕಿನ ಚಿಪ್ಪು ಮೀನಖಂಡಕ್ಕೆ ಇಳಿದಿರುತ್ತದೆ.

ಚೈನ್‌ಮೇಲ್

ಒಂದು ಉಂಗುರದಲ್ಲಿ ನಾಲ್ಕು ಉಂಗುರ, ಅಷ್ಟೇ ಹೆಣಿಗೆ. ಒಳವ್ಯಾಸ 8-9 ಮಿ.ಮೀ. ಇರುವ ಉಂಗುರಗಳಾದರೆ ಒಂದು ಅಂಗಿಗೆ 25,000ದ ಆಸುಪಾಸು ಬೇಕು, ತೂಕ 8ರಿಂದ 10 ಕೆ.ಜಿ. ಆಗುತ್ತದೆ. ತುದಿಗಳನ್ನು ಬರೀ ಮುಟ್ಟಿಸಿ ಬಿಟ್ಟ ಉಂಗುರಗಳ ಅಂಗಿ ಅಗ್ಗ. ಆದರೆ ತನ್ನ ಭಾರಕ್ಕೇ ಅಲ್ಲಲ್ಲಿ ಬಿಚ್ಚಿಕೊಳ್ಳುತ್ತದೆ, ಹೊಡೆತ ಬಿದ್ದಲ್ಲಂತೂ ಉದುರುತ್ತದೆ. ರಿವೆಟ್ ಮಾಡಿದ್ದನ್ನೇ ಕೊಳ್ಳಿ ಅಥವಾ ಮಾಡಿ. 14ನೇ ಶತಮಾನಕ್ಕೆ ಒಂದು ಸಾಲು ರಿವೆಟ್ ಉಂಗುರ, ಒಂದು ಸಾಲು ಬೆಸುಗೆಯಿಲ್ಲದ ಇಡಿ ಉಂಗುರ ಇರುವ ಹೆಣಿಗೆಯೂ ಒಪ್ಪುತ್ತದೆ. ರಿವೆಟ್ ಮಾಡುವ ಕೆಲಸ ಅರ್ಧವಾಗುವುದು ಇದರ ಲಾಭ.

ಬಿಡಿ ಉಂಗುರ ಸೇರಿಸುವಾಗ ಬೆಣೆಯಾಕಾರದ ರಿವೆಟ್ಟನ್ನು ಒಳಬದಿಯಿಂದ ತೂರಿಸಿ, ಗುಳಿ ಇರುವ ಇಕ್ಕಳದಿಂದ ಒಂದೇ ಒತ್ತಿಗೆ ಹೊರಬದಿಯಲ್ಲಿ ಗುಂಡಾಗಿಸಬೇಕು. ತುದಿಗಳೆರಡರ ತೂತು ಒಂದರ ಮೇಲೊಂದು ಕೂರದಿದ್ದರೆ ರಿವೆಟ್ ಕತ್ತರಿಸಿ ಹೋಗುತ್ತದೆ. ಆಗ ಒತ್ತಾಯಿಸದೆ ಆ ಉಂಗುರವನ್ನೇ ಬಿಸಾಡಿ. ಮುಗಿದ ಹೆಣಿಗೆಯ ಒಳಬದಿಯಲ್ಲಿ ಕೈ ಸವರಿ ನೋಡಿ. ಚುಚ್ಚುವ ಒಂದೊಂದು ಮೊನೆಯೂ ಲಿನನ್ನನ್ನು ಅರದಂತೆ ತಿನ್ನುತ್ತದೆ.

ಮೈಭಾಗದಲ್ಲಿ ಸಾಲುಗಳು ಅಡ್ಡಡ್ಡವಾಗಿ ಸೊಂಟವನ್ನು ಸುತ್ತುವಂತೆ ಇರಬೇಕು. ಹಾಗಿದ್ದರೆ ಹೆಣಿಗೆ ಭಾರಕ್ಕೆ ಮುಚ್ಚಿಕೊಂಡು ಅಡ್ಡಕ್ಕೆ ಹಿಗ್ಗುತ್ತದೆ. ತಿರುಗಿಸಿ ಹೆಣೆದದ್ದು ಜೋತುಬಿದ್ದು ಕಿಂಡಿ ಬಿಡುತ್ತದೆ. ತಲೆಯ ಮೇಲಿಂದ ತೊಡಬೇಕಾದ್ದರಿಂದ ಒಳ ಅಂಗಿ ಸಮೇತದ ಎದೆಯಳತೆಗೆ 10-15 ಸೆಂ.ಮೀ. ಕೂಡಿಸಿ, ಸೊಂಟದಲ್ಲಿ ಎರಡು ಉಂಗುರಕ್ಕೆ ಒಂದನ್ನು ಹಾಕುತ್ತ ಸಾಲು ಕಡಿಮೆ ಮಾಡುತ್ತ ಬನ್ನಿ. ತೊಟ್ಟ ಮೇಲೆ ಬೆಲ್ಟ್ ಬಿಗಿದು, ಬೆಲ್ಟಿನ ಮೇಲಿನ ಹೆಣಿಗೆಯನ್ನು ಎರಡು ಬೆರಳಿನಷ್ಟು ಮೇಲಕ್ಕೆ ಎಳೆದು ಇಳಿಬಿಡಿ. ಕೆಳಗಿನ ಭಾಗದ ಭಾರ ಆ ಕ್ಷಣವೇ ಹೆಗಲಿನಿಂದ ಸೊಂಟಕ್ಕೆ ಇಳಿಯುತ್ತದೆ.

ಮಂಡಿಚಿಪ್ಪು

ತಗಡಿನ ಕೆಲಸ ಕಲಿಯಲು ಮಂಡಿಯ ಚಿಪ್ಪೇ ತಕ್ಕದ್ದು. ತಟ್ಟುವುದು, ಮಡಚುವುದು, ಕೀಲು ಕೂರಿಸುವುದು ಎಲ್ಲವೂ ಇದರಲ್ಲಿದೆ. ಹಾಳಾದರೆ ಅಂಗೈಯಗಲದ ತಗಡು ಹೋದೀತು, ಅಷ್ಟೇ.

1.5 ಮಿ.ಮೀ. ಕೋಲ್ಡ್ ರೋಲ್ಡ್ ಮೈಲ್ಡ್ ಸ್ಟೀಲ್ ತೆಗೆದುಕೊಳ್ಳಿ. ಸತು ಲೇಪಿಸಿದ ತಗಡು ಕೂಡದು. ಕಾಯಿಸಿದಾಗ ಬರುವ ಸತುವಿನ ಹೊಗೆ ಚಳಿಜ್ವರ ತರಿಸುತ್ತದೆ. ಸಾಮಾನುಗಳು: ಗುಂಡುಮುಖದ ಸುತ್ತಿಗೆ, ನುಣುಪಾದ ಚಪ್ಪಟೆಮುಖದ ಸುತ್ತಿಗೆ, ಗಟ್ಟಿಮರದ ಕೊರಡು, ಉಕ್ಕಿನ ಗುಂಡು ತಲೆಯ ಗೂಟ, ತಗಡು ಕತ್ತರಿ, ಅರ, ಡ್ರಿಲ್. ಕೊರಡಿನ ಕೊನೆಮುಖದಲ್ಲಿ 10-12 ಸೆಂ.ಮೀ. ಅಗಲ, 2-3 ಸೆಂ.ಮೀ. ಆಳದ ಗುಳಿ ಕೊರೆದುಕೊಳ್ಳಿ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಇಲ್ಲದೆ ಶುರುಮಾಡಬೇಡಿ. ತಗಡು ಬಡಿತದ ಸದ್ದು ಕಿವಿಯನ್ನು ಕೆಡಿಸುತ್ತದೆ, ಕೆಟ್ಟ ಕಿವಿ ಮರಳಿ ಬರುವುದಿಲ್ಲ.

ಮೊದಲು ದಪ್ಪ ಕಾರ್ಡ್‌ಬೋರ್ಡಿನಲ್ಲಿ ಚಿಪ್ಪು, ಅದರ ಮೇಲೊಂದು ಕೆಳಗೊಂದು ಕಿರುಪಟ್ಟಿ ಕತ್ತರಿಸಿ, ಕಾಗದದ ಪಿನ್ನಿನಿಂದ ಜೋಡಿಸಿ, ಹೊಲಿದ ಕಾಲುಚೀಲದ ಮೇಲೆ ಕಟ್ಟಿಕೊಂಡು ಮಂಡಿ ಪೂರ್ತಿ ಮಡಚಿ ನೋಡಿ. ಕೀಲಿನ ಜಾಗ ಇಲ್ಲೇ ತೀರ್ಮಾನವಾಗಬೇಕು. ಮಂಡಿ ಮಡಚುವ ಅಕ್ಷ ಚಿಪ್ಪಿನ ಮಧ್ಯಕ್ಕಿಂತ ತುಸು ಹಿಂದೆ ಬರುತ್ತದೆ. ಕೀಲುಗಳು ಮುಂದೆ ಸರಿದಿದ್ದರೆ ಮಡಚಿದಾಗ ಮೇಲಿನ ಪಟ್ಟಿ ತೊಡೆಗೆ ಕಚ್ಚುತ್ತದೆ. ಪೂರ್ತಿ ಮಡಚಿದಾಗಲೂ ಮುಂಭಾಗದಲ್ಲಿ ಪಟ್ಟಿ ಚಿಪ್ಪಿನ ಕೆಳಗೆ 1 ಸೆಂ.ಮೀ. ಆದರೂ ಅಡಗಿರಬೇಕು. ಅದಕ್ಕಿಂತ ಕಡಿಮೆಯಾದರೆ ಹೊಡೆತ ಬಿದ್ದ ದಿನ ಪಟ್ಟಿ ಹೊರಗೆ ಜಿಗಿದು ಚಿಪ್ಪಿನ ಮೇಲೆ ಸಿಕ್ಕಿಕೊಳ್ಳುತ್ತದೆ, ಕಾಲು ನೀಡಲು ಬರದು.

ತಗಡು ಕತ್ತರಿಸಿ, ಅಂಚನ್ನು ಅರದಿಂದ ನುಣುಪು ಮಾಡಿ. ಅಂಚಿನ ಸಣ್ಣ ಕಚ್ಚೊಂದೇ ಮುಂದೆ ಬಿರುಕಾಗುತ್ತದೆ. ಗುಳಿಯ ಮೇಲಿಟ್ಟು ಅಂಚಿನಿಂದ ಒಂದು ಬೆರಳು ಒಳಗೆ ಶುರುಮಾಡಿ, ಸುತ್ತುತ್ತ ನಡುವಿಗೆ ಬನ್ನಿ. ಜೋರು ಏಟು ಬೇಡ. ಸಮನಾದ ಏಟುಗಳು ಒಂದರ ಪಕ್ಕ ಒಂದು ಬೀಳಲಿ. ಒಂದು ಸುತ್ತು ಮುಗಿದಾಗ ಅಂಚಿನಲ್ಲಿ ಅಲೆ ಎದ್ದಿರುತ್ತದೆ. ಮುಂದಿನ ಸುತ್ತಿಗೆ ಮೊದಲು ಆ ಅಲೆಯನ್ನು ಗೂಟದ ಮೇಲೆ ತಟ್ಟಿ ಇಳಿಸಲೇಬೇಕು. ಬಿಟ್ಟರೆ ಅಲೆ ಮಡಿಕೆಯಾಗುತ್ತದೆ, ಮಡಿಕೆಯನ್ನು ತಟ್ಟಿದರೆ ಸೀಳುತ್ತದೆ. ನಡುವಿನಲ್ಲಿ ಮಾತ್ರ ಬಡಿದವರ ಚಿಪ್ಪು ಅಲ್ಲೇ ಕಾಗದದಷ್ಟು ತೆಳುವಾಗಿ, ಅಂಚಿನಲ್ಲಿ ಚಪ್ಪಟೆಯಾಗೇ ಉಳಿಯುತ್ತದೆ. ಹೊಡೆತ ಬೀಳುವ ಜಾಗವೇ ತೆಳುವಾಗುವುದೆಂದರೆ ಕವಚದ ಉದ್ದೇಶವೇ ಹೋದಂತೆ. ಹಳೆಯ ಕಾಲದ ಒಳ್ಳೆಯ ಎದೆಗವಚಗಳು ನಡುವಿನಲ್ಲಿ ದಪ್ಪ, ಬದಿಗಳಲ್ಲಿ ತೆಳು.

ಬಡಿದಂತೆ ಉಕ್ಕು ಬಿರುಸಾಗುತ್ತದೆ. ಸುತ್ತಿಗೆ ಪುಟಿಯತೊಡಗಿದರೆ, ಏಟು ಬಿದ್ದರೂ ಆಕಾರ ಬದಲಾಗದಿದ್ದರೆ, ತಗಡನ್ನು ಕೆಂಪಗೆ ಕಾಯಿಸಿ ತಾನಾಗಿ ಆರಲು ಬಿಡಿ. ನೀರಿಗೆ ಹಾಕುವ ಅವಸರ ಬೇಡ. ಮೈಲ್ಡ್ ಸ್ಟೀಲಿನಲ್ಲಿ ಕಾರ್ಬನ್ ಕಡಿಮೆ, ಆದ್ದರಿಂದ ಕಾಯಿಸಿ ಮುಳುಗಿಸಿದರೂ ಹೇಳಿಕೊಳ್ಳುವಷ್ಟು ಗಡಸು ಬರದು. ಹದಕೊಟ್ಟ ಕವಚ ಬೇಕೆಂದರೆ 1050 ದರ್ಜೆಯಂಥ ಮಧ್ಯಮ ಕಾರ್ಬನ್ ಉಕ್ಕು ಬೇಕು: ಆಯಸ್ಕಾಂತ ಅಂಟದಾಗುವುದಕ್ಕಿಂತ ಇನ್ನೂ ಸ್ವಲ್ಪ ಮೇಲೆ, ಸುಮಾರು 840 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಎಣ್ಣೆಯಲ್ಲಿ ಮುಳುಗಿಸಿ, ಮತ್ತೆ 300ರಿಂದ 400 ಡಿಗ್ರಿಯಲ್ಲಿ ಹದಕ್ಕೆ ತರುವುದು. ತಗಡು 1 ಮಿ.ಮೀ.ಗೆ ಇಳಿಸಬಹುದು, ಭಾರ ಮೂರರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಆದರೆ ತೆಳು ತಗಡು ಎಣ್ಣೆಯಲ್ಲಿ ತಿರುಚಿಕೊಳ್ಳುತ್ತದೆ. ಕೂಡಿಸಿಟ್ಟ ಕೀಲುಗಳು ಆಮೇಲೆ ಸೇರುವುದಿಲ್ಲ. ಇದನ್ನು ಎರಡನೆಯ ಕವಚಕ್ಕೆ ಇಟ್ಟುಕೊಳ್ಳಿ.

ಆಕಾರ ಬಂದ ಮೇಲೆ ಗುಂಡು ಗೂಟದ ಮೇಲೆ ನುಣುಪು ಸುತ್ತಿಗೆಯಿಂದ ಸಣ್ಣ ಏಟುಗಳನ್ನು ಹಾಕಿ ಉಬ್ಬುತಗ್ಗು ತೆಗೆಯಬೇಕು. ಇಲ್ಲಿ ಕಣ್ಣಿಗಿಂತ ಕಿವಿಯನ್ನು ನಂಬಿ (ಮುಚ್ಚಳದೊಳಗಿಂದಲೂ ಕೇಳಿಸುತ್ತದೆ): ಸುತ್ತಿಗೆ, ತಗಡು, ಗೂಟ ಮೂರೂ ಮುಟ್ಟಿದಲ್ಲಿ ಠಣ್ ಎನ್ನುತ್ತದೆ, ಅಡಿಯಲ್ಲಿ ಸಂದಿದ್ದರೆ ಸದ್ದು ಮಂಕಾಗಿರುತ್ತದೆ. ಮಂಕು ಸದ್ದಿನ ಏಟು ಹೊಸ ತಗ್ಗನ್ನೇ ಮಾಡುತ್ತದೆ.

ಕೀಲಿಗೆ 5 ಮಿ.ಮೀ. ಕಬ್ಬಿಣದ ರಿವೆಟ್. ಮೊದಲು ಒಂದು ಬದಿಯ ತೂತು ಮಾತ್ರ ಕೊರೆದು ಬೋಲ್ಟ್ ಹಾಕಿ, ಮಡಚಿ ನೋಡಿ, ಆಮೇಲೆ ಎದುರು ಬದಿಯನ್ನು ಗುರುತಿಸಿ ಕೊರೆಯಿರಿ. ನಾಲ್ಕನ್ನೂ ಒಟ್ಟಿಗೆ ಅಳೆದು ಕೊರೆದರೆ ತಟ್ಟಿದ ತಗಡಿನಲ್ಲಿ ಒಂದು ಮಿ.ಮೀ. ತಪ್ಪಿಯೇ ತಪ್ಪುತ್ತದೆ, ಚಿಪ್ಪು ಓರೆಯಾಗುತ್ತದೆ. ರಿವೆಟ್ಟಿನ ಕಾಲು ತಗಡಿನ ಆಚೆ ತನ್ನ ವ್ಯಾಸದ ಒಂದೂಕಾಲು ಪಾಲು ಚಾಚಿರಲಿ. ಹೆಚ್ಚಾದರೆ ಬಾಗುತ್ತದೆ, ಕಡಿಮೆಯಾದರೆ ತಲೆ ಕಟ್ಟುವುದಿಲ್ಲ. ತಗಡುಗಳೆರಡರ ನಡುವೆ ತೆಳು ಕಾರ್ಡ್ ತುಂಡೊಂದನ್ನು ಇಟ್ಟು ತಟ್ಟಿ, ಮುಗಿದ ಮೇಲೆ ಎಳೆದು ತೆಗೆಯಿರಿ. ಅಷ್ಟು ಸಡಿಲ ಸಿಕ್ಕರೆ ಕೀಲು ಆಡುತ್ತದೆ.

ಮೈಗೆ ತಗಡುಗವಚ

ವಿಸ್ಬಿಯಲ್ಲಿ ಸಿಕ್ಕವುಗಳಲ್ಲಿ ಕೆಲವೇ ದೊಡ್ಡ ತಗಡುಗಳವೂ ಇವೆ, ನೂರಾರು ಸಣ್ಣ ತಗಡುಗಳವೂ ಇವೆ. ಮೊದಲ ಬಾರಿಗೆ ದೊಡ್ಡ ತಗಡಿನದ್ದನ್ನೇ ಆರಿಸಿ. ತಗಡುಗಳು ಹೊದಿಕೆಯ ಒಳಗಿರುತ್ತವೆ, ಹೊರಗೆ ಕಾಣುವುದು ಚರ್ಮ ಮತ್ತು ರಿವೆಟ್ ತಲೆಗಳು ಮಾತ್ರ. ಹೊದಿಕೆಗೆ 2-2.5 ಮಿ.ಮೀ. ದಪ್ಪದ, ತೊಗಟೆಯ ಹದ ಕೊಟ್ಟ ಚರ್ಮ, ತಗಡು 1.2 ಮಿ.ಮೀ. ಇದ್ದರೂ ಆದೀತು, ಏಕೆಂದರೆ ಅಕ್ಕಪಕ್ಕದ ತಗಡುಗಳು 1.5-2 ಸೆಂ.ಮೀ. ಒಂದರ ಮೇಲೊಂದು ಬರುತ್ತವೆ. ಪ್ರತಿ ತಗಡನ್ನೂ ಮೈಯ ತಿರುವಿಗೆ ತಕ್ಕಂತೆ ಮೊದಲೇ ಬಾಗಿಸಿಕೊಳ್ಳಿ. ಚಪ್ಪಟೆಯಾಗಿ ರಿವೆಟ್ ಮಾಡಿ ಆಮೇಲೆ ಬಾಗಿಸಹೊರಟರೆ ಚರ್ಮ ಸುಕ್ಕುಗಟ್ಟಿ ರಿವೆಟ್ಟಿನ ತೂತು ಹರಿಯುತ್ತದೆ.

ಇದರಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ ಉದ್ದ. ಗಟ್ಟಿ ತಗಡಿನ ಕೊನೆಯ ಅಂಚು ಅದೇ ಸೊಂಟದ ದಾರದ ಮಟ್ಟದಲ್ಲಿ ನಿಲ್ಲಬೇಕು. ಹೊಟ್ಟೆಯನ್ನೂ ಮುಚ್ಚೋಣವೆಂದು ಕೆಳಗೆ ಇಳಿಸಿದರೆ, ಬಾಗಿದಾಗ ಅಂಚು ತೊಡೆಗೆ ತಾಗಿ ಇಡೀ ಕವಚ ಮೇಲೇರಿ ಗಂಟಲಿಗೆ ಒತ್ತುತ್ತದೆ. ಸೊಂಟದ ಕೆಳಗೆ ಬೇಕಾದ್ದು ಅಡ್ಡಪಟ್ಟಿಗಳು. ಕೂತಾಗ ಅವು ಒಂದರೊಳಗೊಂದು ಸರಿಯುತ್ತವೆ. ಮೇಲಿನ ಅಂಚು ಗಂಟಲ ಗುಳಿಯಿಂದ ಎರಡು ಬೆರಳು ಕೆಳಗಿರಲಿ. ಎರಡೂ ಕೈಗಳನ್ನು ಎದೆಯ ಮುಂದೆ ಕೂಡಿಸಿ ಕತ್ತಿ ಹಿಡಿದು ನೋಡಿ. ತೋಳು ತಗಡಿಗೆ ತಾಗಿದರೆ ಕಂಕುಳ ಕಡೆ ಇನ್ನೂ ಕತ್ತರಿಸಬೇಕು. ಅಲ್ಲಿ ಬಿಟ್ಟ ಜಾಗವನ್ನು ಚೈನ್‌ಮೇಲ್ ಕಾಯುತ್ತದೆ.

ಶಿರಸ್ತ್ರಾಣವನ್ನು ಮೊದಲ ಸಲಕ್ಕೆ ಕೊಳ್ಳುವುದೇ ವಿವೇಕ. ಚೂಪು ನೆತ್ತಿಯ, ಬ್ಯಾಸಿನೆಟ್ ಎಂಬ ಶಿರಸ್ತ್ರಾಣವನ್ನು ಒಂದೇ ತಗಡಿನಿಂದ ಎಬ್ಬಿಸುವುದು ಪಳಗಿದ ಕೈಗೂ ದೊಡ್ಡ ಕೆಲಸ. ಮೈಲ್ಡ್ ಸ್ಟೀಲ್ ಆದರೆ 2 ಮಿ.ಮೀ.ಗಿಂತ ತೆಳುವಾದದ್ದು ಬೇಡ. ಅಳತೆಗೆ ಹಿಂದಿನ ಲೆಕ್ಕವೇ: ತಲೆ 58 ಸೆಂ.ಮೀ., ಸುತ್ತ 2 ಸೆಂ.ಮೀ. ಮೆತ್ತೆ ಎಂದರೆ ಒಳಸುತ್ತು ಸುಮಾರು 70.5 ಸೆಂ.ಮೀ. ಮತ್ತೆ, ತಲೆ ಗುಂಡಲ್ಲ, ಹಿಂದೆ ಮುಂದೆ ಉದ್ದ. ಗುಂಡಗಿನ ಶಿರಸ್ತ್ರಾಣ ಹಣೆಗೆ ಒತ್ತಿ ಕಿವಿಯ ಬಳಿ ಸಡಿಲವಾಗಿ ಗಿರಗಿರ ತಿರುಗುತ್ತದೆ.

ಮೆತ್ತೆಯನ್ನು ನೀವೇ ಹೊಲಿಯಿರಿ. ಲಿನನ್ನಿನ ಎಸಳುಗಳು, ಒಳಗೆ ಉಣ್ಣೆ ಅಥವಾ ಕುದುರೆಕೂದಲು, ನೆತ್ತಿಯಲ್ಲಿ ಎಲ್ಲವನ್ನೂ ಸೇರಿಸುವ ಒಂದು ಲಾಡಿ. ಲಾಡಿ ಬಿಗಿದಷ್ಟೂ ಶಿರಸ್ತ್ರಾಣ ಮೇಲೇಳುತ್ತದೆ, ಕಣ್ಣಿನ ಸೀಳು ಕಣ್ಣಿನ ಮಟ್ಟಕ್ಕೆ ಬರುವುದು ಹೀಗೇ. ನೆತ್ತಿಗೂ ಉಕ್ಕಿಗೂ ನಡುವೆ ಖಾಲಿ ಜಾಗ ಉಳಿಯಲೇಬೇಕು. ಗದ್ದದ ಪಟ್ಟಿ ಇಲ್ಲದೆ ಯಾರೂ ಕಣಕ್ಕೆ ಇಳಿಯಬಾರದು. ಪಟ್ಟಿ ಬಿಗಿದು ತಲೆಯನ್ನು ಜೋರಾಗಿ ಆಡಿಸಿದಾಗ ಶಿರಸ್ತ್ರಾಣ ತಲೆಯ ಜೊತೆಗೇ ಬರಬೇಕು, ಅರೆಕ್ಷಣ ತಡವಾದರೂ ಮೆತ್ತೆ ಸಾಲದು. ಕುತ್ತಿಗೆಯ ಚೈನ್‌ಮೇಲ್ ಅಂಚಿಗೆ ಚರ್ಮದ ಪಟ್ಟಿ ಹೊಲಿದು, ಶಿರಸ್ತ್ರಾಣದ ಸುತ್ತ ಇರುವ ಸಣ್ಣ ಕೊಳವೆಗಳಿಗೆ ಸಿಕ್ಕಿಸಿ, ಅವುಗಳೊಳಗೆ ಹುರಿ ತೂರಿಸಬೇಕು. ಒಗೆಯಲು, ಎಣ್ಣೆ ಹಚ್ಚಲು ಹುರಿ ಎಳೆದರೆ ಸಾಕು, ಬಿಚ್ಚಿಬರುತ್ತದೆ.

ತೊಡುವುದು

ಕಾಲಿನಿಂದ ಮೇಲಕ್ಕೆ. ಮಾರ್ಗನ್ ಹಸ್ತಪ್ರತಿಯ ಕ್ರಮವೂ ಅದೇ. ಎದೆಗೆ ತಗಡು ಬಿಗಿದ ಮೇಲೆ ಪಾದ ಮುಟ್ಟುವಷ್ಟು ಬಾಗಲಾಗದು, ಅದಕ್ಕೇ. ಪಾದರಕ್ಷೆ, ಮೀನಖಂಡದ ತಗಡು, ಮಂಡಿ ತೊಡೆಗಳದು, ಆಮೇಲೆ ಚೈನ್‌ಮೇಲ್, ಮೈಯ ತಗಡು, ತೋಳು, ಬೆಲ್ಟ್, ಶಿರಸ್ತ್ರಾಣ, ಕೊನೆಗೆ ಕೈಗವಸು. ತೊಡೆಯ ತಗಡನ್ನು ಒಳ ಅಂಗಿಯ ಸೊಂಟಕ್ಕೆ ಕಟ್ಟುವಾಗ ಕಾಲನ್ನು ತುಸು ಮಡಚಿರಿ. ನೆಟ್ಟಗೆ ನಿಂತು ಬಿಗಿದರೆ ಮೊದಲ ಮೆಟ್ಟಿಲು ಹತ್ತುವಾಗಲೇ ಕಸೆ ತುಂಡಾಗುತ್ತದೆ. ಬಕಲ್‌ಗಳೆಲ್ಲ ಕಾಲಿನ ಹೊರಬದಿಗಿರಲಿ. ಒಳಬದಿಗಿದ್ದರೆ ನಡೆಯುವಾಗ ಒಂದಕ್ಕೊಂದು ಸಿಕ್ಕಿ ಬೀಳಿಸುತ್ತವೆ. ಮೀನಖಂಡದ ತಗಡು ಕಾಲಿನ ಗಿಣ್ಣಿಗೆ ತಾಗುತ್ತಿದ್ದರೆ ಮೆತ್ತೆ ತುರುಕುವುದರಿಂದ ಪ್ರಯೋಜನವಿಲ್ಲ. ಆ ಜಾಗವನ್ನು ಗೂಟದ ಮೇಲಿಟ್ಟು ಒಳಗಿನಿಂದ ಉಬ್ಬಿಸಬೇಕು.

ಪೂರ್ತಿ ತೊಟ್ಟ ಮೇಲೆ ನೆಲಕ್ಕೆ ಕೂತು ಕೈ ಊರದೆ ಎದ್ದೇಳಿ, ಮೆಟ್ಟಿಲು ಹತ್ತಿ, ಬೋರಲು ಮಲಗಿ ಏಳಿ. ಮನೆಯಲ್ಲಿ ಕಚ್ಚುವ ಅಂಚು ಮೈದಾನದಲ್ಲಿ ರಕ್ತ ಬರಿಸುತ್ತದೆ.

ದಣಿವಿನ ಲೆಕ್ಕ ಭಾರದಷ್ಟೇ ಅಲ್ಲ, ಭಾರ ಎಲ್ಲಿದೆ ಎಂಬುದರದೂ ಹೌದು. ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಕವಚ ತೊಟ್ಟವರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ, ಓಡಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ನಡೆಯಲು ಬೇಕಾದ ಶಕ್ತಿ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ಕಾಲುಗಳ ಮೇಲೇ 7-8 ಕೆ.ಜಿ. ಇದ್ದು, ಪ್ರತಿ ಹೆಜ್ಜೆಗೂ ಅದನ್ನು ಬೀಸಿ ಎತ್ತಬೇಕಾದದ್ದು ಒಂದು ಮುಖ್ಯ ಕಾರಣ. ಎದೆ ಬಿಗಿದಿದ್ದರಿಂದ ಉಸಿರು ಆಳವಾಗದೆ ಚುಟುಕಾಗಿ, ಬೇಗಬೇಗ ಆಗುತ್ತಿತ್ತು. ಹಾಗಾಗಿ ಭಾರ ಇಳಿಸುವುದಿದ್ದರೆ ಪಾದದಿಂದ ಶುರುಮಾಡಿ. ಮೀನಖಂಡದ ತಗಡಿನಿಂದ 300 ಗ್ರಾಂ ತೆಗೆದದ್ದು ಎದೆಯಿಂದ ಅಷ್ಟೇ ತೆಗೆದದ್ದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬಿಸಿಲಿನಲ್ಲಿ ಬಾಯಾರುವ ಮೊದಲೇ ನೀರು ಕುಡಿಯಬೇಕು, ಉಪ್ಪಿನ ಅಂಶವೂ ಇರಬೇಕು. ತಲೆಸುತ್ತು, ವಾಕರಿಕೆ, ಮಾತು ತಡವರಿಸುವುದು ಕಂಡರೆ ತಕ್ಷಣ ನೆರಳಿಗೆ ತಂದು ಶಿರಸ್ತ್ರಾಣ, ಕೈಗವಸು ತೆಗೆದು ಕುತ್ತಿಗೆಗೆ ನೀರು ಸುರಿಯಿರಿ. ಮೈಯ ಕಸೆ ಬಿಚ್ಚಲು ಸಮಯ ಹಿಡಿದರೆ ಕತ್ತರಿಸಿಬಿಡಿ. ಗುಂಪಿನಲ್ಲಿ ಒಬ್ಬರಾದರೂ ಕವಚ ತೊಡದೆ, ಕತ್ತರಿ ಇಟ್ಟುಕೊಂಡು ನಿಂತಿರಬೇಕು.

ಬೆವರು ತುಕ್ಕಿನ ಗೆಳೆಯ. ಅದೇ ಸಂಜೆ ಒಣಬಟ್ಟೆಯಿಂದ ಒರೆಸಿ ಖನಿಜತೈಲ ಸವರಿ, ಕೀಲುಗಳ ಸಂದಿಗೂ ಒಂದು ಹನಿ ಬಿಡಿ. ಚರ್ಮದ ಪಟ್ಟಿಗೆ ಎಣ್ಣೆ ತಾಗಿಸಬೇಡಿ. ಅದು ಮೆದುವಾಗಿ ಹಿಗ್ಗಿ, ಬಕಲ್ಲಿನ ತೂತುಗಳು ಸಾಲದಾಗುತ್ತವೆ. ತಿಂಗಳುಗಟ್ಟಲೆ ಇಡುವುದಾದರೆ ತಗಡಿಗೆ ಮೇಣ ಹಚ್ಚಿ. ತುಕ್ಕು ಹಿಡಿದ ಚೈನ್‌ಮೇಲನ್ನು ಒಣಮರಳಿನ ಜೊತೆ ಗಟ್ಟಿ ಚೀಲದಲ್ಲಿ ಹಾಕಿ ಹೊರಳಾಡಿಸಿದರೆ ಉಂಗುರಗಳು ಒಂದನ್ನೊಂದು ಉಜ್ಜಿಕೊಂಡು ಬೆಳ್ಳಗಾಗುತ್ತವೆ. ಒಳ ಅಂಗಿಯನ್ನು ಒಳಬದಿ ಹೊರಗಾಗಿಸಿ ಗಾಳಿಯಲ್ಲಿ ಪೂರ್ತಿ ಒಣಗಿಸಿಯೇ ಮಡಚಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಒದ್ದೆಯಾಗಿಯೇ ಕಟ್ಟಿಟ್ಟರೆ ಬೂಸ್ಟು ಹಿಡಿದು ಎರಡು ವಾರಕ್ಕೆ ದಾರ ಕೊಳೆಯುತ್ತದೆ.

ಪ್ರತಿ ಮೈದಾನಕ್ಕೂ ಒಂದು ಸಣ್ಣ ಚೀಲ ಜೊತೆಗಿರಲಿ: ಮೇಣ ಹಚ್ಚಿದ ಹತ್ತು ಕಸೆ, ಎರಡು ಬಕಲ್ ಪಟ್ಟಿ, ರಿವೆಟ್ ಮತ್ತು ವಾಷರ್, ಸುತ್ತಿಗೆ, ಸೂಜಿದಾರ, ಇಕ್ಕಳ. ರಿವೆಟ್ ತಟ್ಟಲು ಅಡಿಗೆ ಒಂದು ಉಕ್ಕಿನ ತುಂಡು ಬೇಕು ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ; ಮುಷ್ಟಿಗಾತ್ರದ್ದು ಸಾಕು, ಅದನ್ನೂ ಹಾಕಿಕೊಳ್ಳಿ.